ಟಿಕಳಿ ಹಚ್ಚಿದ ತತ್ತಿಗಳು

ನಮ್ಮ ಮನೆಯ ಕಪಾಟಿನ ಮೇಲೆ ಒಂದು ಥರ್ಮಾಕೋಲ್ ಡಬ್ಬಿ ಕೂತಿದೆ. ಒಂದು ಮಗ್ಗುಲಿಗೆ ವೈರು ತೂರುವಷ್ಟು ತೂತು. ಮುಚ್ಚಳದಲ್ಲಿ ಅಂಗೈಯಗಲದ ಕಿಟಕಿ, ಕಿಟಕಿಗೆ ಗಾಜು. ಮನೆಗೆ ಬಂದವರು ಮೊದಲು ನನ್ನ ಪದವಿಯ ಫೋಟೊ ನೋಡಲಿ ಎಂದು ಅದನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೇನೆ. ಕರಿ ಗೌನು, ತಲೆಗೆ ಸರಿಯಾಗಿ ಕೂಡದ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಆ ಸುರುಳಿ ಸ್ಟುಡಿಯೋದವನ ಖಾಲಿ ಹಾಳೆ ಎಂಬುದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಆದರೆ ಬಂದವರ ಕಣ್ಣು ಫೋಟೊ ದಾಟಿ ನೇರ ಡಬ್ಬಿಗೆ ಹೋಗುತ್ತದೆ. ಅದೇನು ಎಂದು ಕೇಳುತ್ತಾರೆ. ನಾನು ಹೇಳಲು ಸುರು ಮಾಡಿದ ಕೂಡಲೇ ನನ್ನ ಗಂಡ ಎದ್ದು ಒಳಗೆ ಹೋಗುತ್ತಾನೆ. ಅವನಿಗೆ ಇದು ಬಾಯಿಪಾಠವಾಗಿದೆ. ನಿಮಗೆ ಆಗಿಲ್ಲವಲ್ಲ, ಕೂತುಕೊಳ್ಳಿ.

ಡಬ್ಬಿಯ ಕಥೆಗೆ ಮೊದಲು ಕೋಳಿಯ ಕಥೆ ಹೇಳಬೇಕು. ನನ್ನ ತವರು ಕಳ್ಳಕವಟಗಿ. ನಮ್ಮದು ಕೂಲಿಯ ಮನೆ. ಮನೆ ತುಂಬ ಕೋಳಿಗಳಿದ್ದವು, ಆದರೆ ಒಂದೂ ನಮ್ಮದಲ್ಲ. ಇದು ಹೇಗೆಂದರೆ, ನಮ್ಮ ಕಡೆ ಕೋಳಿಯನ್ನು ಪಾಲಿಗೆ ಕೊಡುತ್ತಾರೆ. ಉಳ್ಳವರ ಮನೆಯ ಹ್ಯಾಂಟಿಯನ್ನು, ಅಂದರೆ ಹೆಣ್ಣುಕೋಳಿಯನ್ನು, ಇಲ್ಲದವರು ತಂದು ಸಾಕುವುದು. ಅದು ತತ್ತಿಯಿಟ್ಟು, ಕಾವು ಕೂತು, ಮರಿ ಮಾಡಿ, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಅರ್ಧ ಅವರಿಗೆ, ಅರ್ಧ ನಮಗೆ. ಹದ್ದು, ಬೆಕ್ಕು, ರೋಗ ಎಲ್ಲ ನಮ್ಮ ಪಾಲಿನ ತಾಪತ್ರಯ. ಒಂದೇ ನಿಯಮ: ಪಾಲು ಹಚ್ಚುವ ದಿನ ಮಾಲಕರು ಮೊದಲು ಆರಿಸಿಕೊಳ್ಳಬೇಕು.

ನಮಗೆ ಹ್ಯಾಂಟಿ ಕೊಟ್ಟವಳು ಊರಿನ ದೊಡ್ಡ ಮನೆಯ ಸಾವಕಾರ್ತಿ. ಕೆಟ್ಟವಳೇನಲ್ಲ, ಆದರೆ ಕಣ್ಣು ಬಲು ಚುರುಕು. ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮರಿಗಳ ಎದೆಯೆಲುಬು ಮುಟ್ಟಿ, ಕಾಲು ತಿರುವಿ, ಯಾವುದು ನಾಳೆ ಒಳ್ಳೆ ಹ್ಯಾಂಟಿಯಾಗುತ್ತದೋ ಅದನ್ನೇ ಎತ್ತುತ್ತಿದ್ದಳು. ನಮ್ಮ ಪಾಲಿಗೆ ಉಳಿಯುತ್ತಿದ್ದವು ಹುಂಜಗಳು ಮತ್ತು ಕುಂಟುವವು. ಹುಂಜ ಸಂತೆಗೆ ಹೋಗುತ್ತಿತ್ತು, ಕುಂಟುವುದು ಸಾರಿಗೆ. ಹೀಗಾಗಿ ವರ್ಷಗಟ್ಟಲೆ ಕೋಳಿ ಸಾಕಿದ ನನ್ನ ಅವ್ವನಿಗೆ ತನ್ನದೆಂಬ ಒಂದು ಹ್ಯಾಂಟಿಯ ಹಿಂಡು ಎದ್ದು ನಿಲ್ಲಲೇ ಇಲ್ಲ.

ಅವ್ವ ಸುಮ್ಮನೆ ಕೂಡುವವಳಲ್ಲ. ಒಂದು ಸಲ ಪಾಲಿನ ಹಿಂದಿನ ದಿನ ಒಲೆಯ ಬೂದಿ, ಹಂಚಿನ ಮಸಿ ಕಲಸಿ ಎಲ್ಲಕ್ಕಿಂತ ಗಟ್ಟಿಯಾದ ಮರಿಗೆ ಹಚ್ಚಿದಳು. ಬಂಗಾರದಂತಿದ್ದ ಮರಿ ಕೊಚ್ಚೆಯಲ್ಲಿ ಬಿದ್ದೆದ್ದ ಹಾಗೆ ಕಂಡಿತು. ಸಾವಕಾರ್ತಿ ಮುಖ ಸಿಂಡರಿಸಿ ಅದನ್ನು ಬಿಟ್ಟುಹೋದಳು. ಅವತ್ತು ಅವ್ವ ನಮಗೆ ಹೋಳಿಗೆ ಮಾಡಿದ್ದಳೆಂದು ನನ್ನ ನೆನಪು. ಬರೀ ಬೆಲ್ಲದ ರೊಟ್ಟಿಯೂ ಇದ್ದೀತು. ಆ ಮರಿಯನ್ನು ವಾರದೊಳಗೆ ಹದ್ದು ಒಯ್ದಿತು. ಮುಂದಿನ ಪಾಲಿನಲ್ಲಿ ಅವ್ವ ಮತ್ತೆ ಮಸಿ ಹಚ್ಚಿದಳು. ಸಾವಕಾರ್ತಿ ಬಂದು, ಮೊದಲು ಎಲ್ಲ ಮರಿಗಳನ್ನೂ ಒಂದು ಸುತ್ತು ನೋಡಿ, ನೆಟ್ಟಗೆ ಮಸಿಯದ್ದನ್ನೇ ಎತ್ತಿಕೊಂಡು, ತನ್ನ ಸೆರಗಿನಿಂದಲೇ ಅದರ ಬೆನ್ನು ಒರೆಸುತ್ತ ಎದ್ದಳು. ಆಮೇಲೆ ಅವ್ವ ಸಾವಕಾರ್ತಿಯ ಪಾಲಿಗೆ ಯಾವತ್ತೂ ಮಸಿ ಹಚ್ಚಲಿಲ್ಲ.

ನಾನು ಕಲಿತೆ. ಟಿಕೋಟಾದ ಹೈಸ್ಕೂಲು, ಆಮೇಲೆ ದಿನಾ ಬಸ್ಸಿನಲ್ಲಿ ನೇತಾಡಿ ವಿಜಯಪುರದ ಕಾಲೇಜು. ನಮ್ಮ ಕಡೆಯ ಬಸ್ಸುಗಳಲ್ಲಿ ಸೀಟು ಸಿಕ್ಕುವುದು ಹೊನವಾಡದವರಿಗೆ ಎಂದು ನಾವು ಬೈಯುತ್ತಿದ್ದೆವು. ಹೊನವಾಡದವರು ನಮ್ಮನ್ನು ಬೈಯುತ್ತಿದ್ದರಂತೆ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ವಿಷಯ ಪ್ರಾಣಿಶಾಸ್ತ್ರ. ಅದರಲ್ಲಿ ಕೋಳಿಯ ಭ್ರೂಣದ ಚಿತ್ರಗಳನ್ನು ಬರೆಯಬೇಕಿತ್ತು: ಕಾವಿಗೆ ಇಟ್ಟು ಇಷ್ಟು ತಾಸಿಗೆ ಹೀಗಿರುತ್ತದೆ, ಇಷ್ಟು ತಾಸಿಗೆ ಹೃದಯ ಕಾಣುತ್ತದೆ ಎಂದು. ನಾನು ಪೆನ್ಸಿಲು ಚೂಪು ಮಾಡಿ ಚುಕ್ಕಿಯಿಡುತ್ತಿದ್ದರೆ ಅವ್ವ ಬಂದು ಬಾಗಿ ನೋಡಿದಳು.

"ಇದೇನ ರೇಣಿ?"

"ಕೋಳಿ ಮರಿ ಬೇ. ತತ್ತಿ ಒಳಗ ಹಿಂಗ ಇರ್ತೈತಿ."

ಅವ್ವ ಒಂದು ಗಳಿಗೆ ಚಿತ್ರವನ್ನೂ ನನ್ನನ್ನೂ ನೋಡಿ, "ಇದಕ್ಕ ಬಸ್ಸಿನ್ಯಾಗ ಜೋತಾಡ್ಕೋತ ಇಜಾಪುರಕ್ಕ ಹೋಗ್ಬೇಕ?" ಎಂದಳು. ಅದು ಬೇಸರದ ಮಾತಲ್ಲ. ಆದರೆ ನನಗೆ ನಾಟಿತು.

ಈಗ ನಾನು ನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಗಂಡ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ; ಸುತ್ತ ಅರ್ಧ ಕಟ್ಟಿದ ಮನೆಗಳು, ಇನ್ನರ್ಧ ಜಾಲಿಗಿಡ. ಕಳೆದ ಬೇಸಿಗೆಯಲ್ಲಿ ಅವ್ವನನ್ನು ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಇಲ್ಲಿಗೆ ಕರೆತಂದೆ. ಆಪರೇಷನ್ ಸಲೀಸಾಯಿತು. ಕರಿ ಕನ್ನಡಕ ಹಾಕಿಕೊಂಡು ಅವ್ವ ನಮ್ಮ ಕಟ್ಟೆಯ ಮೇಲೆ ಯಾವುದೋ ಪಕ್ಷದ ಮುಖಂಡಳ ಹಾಗೆ ಕೂಡುತ್ತಿದ್ದಳು. ಡಾಕ್ಟರು ಮತ್ತೆ ಮತ್ತೆ ತೋರಿಸಲು ಬರಬೇಕೆಂದರು, ಅವ್ವನಿಗೆ ಊರಿನ ಎಮ್ಮೆಯ ಚಿಂತೆ. ಅಪ್ಪ ಎಮ್ಮೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ಅದೇ ಅವಳಿಗೆ ಸಹನವಾಗುತ್ತಿರಲಿಲ್ಲ.

ಅವ್ವನ ಇನ್ನೊಂದು ಗುಣ ಹೇಳುತ್ತೇನೆ. ಅವಳು ನನ್ನ ಮನೆಯಿಂದ ಏನನ್ನೂ ಒಯ್ಯುವುದಿಲ್ಲ. ಮಗಳನ್ನು ಕೊಟ್ಟ ಮನೆಯ ವಸ್ತು ತವರಿಗೆ ಬರಬಾರದು ಎನ್ನುವ ಹಳೆಯ ಕಟ್ಟಳೆ. ನೀರು ಕುಡಿಯುತ್ತಾಳೆ, ಊಟ ಮಾಡುತ್ತಾಳೆ, ಅದೂ ಅಪ್ಪನ ಕೈಯಲ್ಲಿ ಜೋಳ ಕಳಿಸಿ ಕೊಟ್ಟಮೇಲೆ. ಸೀರೆ ಕೊಟ್ಟರೆ ದಿಂಬಿನ ಕೆಳಗೆ ಬಿಟ್ಟುಹೋಗುತ್ತಾಳೆ. ಚಪ್ಪಲಿ ಕೊಡಿಸಿದರೆ ಇಲ್ಲಿ ಮೆಟ್ಟಿ, ಹೋಗುವಾಗ ಹಳೆಯದನ್ನೇ ಹಾಕಿಕೊಂಡು ಹೊರಡುತ್ತಾಳೆ. ನಾನು ದುಡಿಯುವುದೇ ಇವಳಿಗೆ ಏನಾದರೊಂದು ಕೊಡಬೇಕೆಂದು, ಇವಳು ತೆಗೆದುಕೊಳ್ಳುವುದೇ ಇಲ್ಲ. ಎರಡು ಹ್ಯಾಂಟಿ ಕೊಂಡು ಕೊಡುತ್ತೇನೆ ಬೇ, ಸಾಕು ಎಂದರೆ, ಅಳಿಯನ ರೊಕ್ಕದ ಕೋಳಿ ನನ್ನ ಅಂಗಳದಲ್ಲಿ ಕೂಗಬಾರದು ಎಂದು ಕೈ ಮುಗಿದಳು. ನನ್ನ ರೊಕ್ಕ ಎಂದರೆ, ಎರಡೂ ಒಂದೇ ಎಂದಳು.

ಇಂಥದರಲ್ಲಿ ಒಂದು ದಿನ ನಾನು ತತ್ತಿ ತರಲು ಹೋದೆ. ನಮ್ಮ ಅಂಗಡಿಯವನ ಊರು ಬಬಲೇಶ್ವರದ ಕಡೆ. ಅವನಲ್ಲಿ ಬಿಳಿಯ ಫಾರಂ ತತ್ತಿಗಳ ಪಕ್ಕ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕಂದು ತತ್ತಿಗಳಿದ್ದವು. ಜವಾರಿ ತತ್ತಿ, ಊರಿಂದ ಮುಂಜಾನೆಯ ಬಸ್ಸಿಗೆ ಬರುತ್ತವೆ, ಹುಂಜ ಇರುವ ಹಿಂಡಿನವು ಎಂದ. ಹುಂಜ ಎಂದ ಕೂಡಲೇ ನನ್ನ ತಲೆಯಲ್ಲಿ ಹಳೆಯ ಪೆನ್ಸಿಲು ಚಿತ್ರ ಎದ್ದು ಕೂತಿತು. ಇವು ಮರಿಯಾಗುತ್ತವೆಯೇ ಎಂದು ಕೇಳಿದೆ.

"ಆಮ್ಲೆಟ್ಟಿಗೆ ಗ್ಯಾರಂಟಿ ಕೊಡ್ತೀನ್ರಿ ಮೇಡಂ," ಎಂದ ಅವನು. "ಮರಿಗಿ ಕೊಡೂದಿಲ್ರಿ."

ಒಂದು ಡಜನ್ ತಂದು ಅವ್ವನ ಮುಂದಿಟ್ಟೆ. ಕೊಡುತ್ತಿಲ್ಲ, ಪಾಲಿಗೆ ಹಚ್ಚುತ್ತಿದ್ದೇನೆ ಎಂದೆ. ತತ್ತಿ ನನ್ನವು, ಡಬ್ಬಿ ನನ್ನದು. ನಾನು ಲ್ಯಾಬಿಗೆ ಹೋದಾಗ ಅವುಗಳನ್ನು ಹೊರಳಿಸುವುದು, ಮರಿಯಾದ ಮೇಲೆ ಸಾಕುವುದು ನಿನ್ನದು. ರೆಕ್ಕೆ ಬಲಿತ ಮೇಲೆ ಅರ್ಧ ನನಗೆ, ಅರ್ಧ ನಿನಗೆ. ದುಡಿದ ಪಾಲು ಒಯ್ಯಲು ಯಾವ ಕಟ್ಟಳೆ ಅಡ್ಡ ಬರುತ್ತದೆ ಹೇಳು.

ಅವ್ವ ತತ್ತಿಯೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕಳು. "ಅಂಗಡ್ಯಾಗಿನ ತತ್ತಿಗಿ ಅವ್ವ ಇಲ್ಲ, ಅಪ್ಪ ಇಲ್ಲ. ಬಸ್ಸಿನ್ಯಾಗ ಕುಲುಕ್ಯಾಡಿ ಬಂದಾವ. ಅದರಾಗ ನೀ ಕೋಳಿನೂ ಇಲ್ದ ಮರಿ ತಗೀತಿ?" ಎಂದಳು. ಆದರೆ ಪಾಲು ಬೇಡ ಎನ್ನಲಿಲ್ಲ. ಮರಿಯಾಗುವುದೇ ಇಲ್ಲ ಎಂದ ಮೇಲೆ ಒಪ್ಪಿಕೊಂಡರೆ ಏನು ಗಂಟು ಹೋಗುತ್ತದೆ ಎಂದು ಅವಳ ಲೆಕ್ಕ. ಆಗಿಯೇ ತೀರುತ್ತದೆ ಎಂದು ನನ್ನದು.

ಡಬ್ಬಿ ನಮ್ಮ ಲ್ಯಾಬಿನದು. ಔಷಧ ತುಂಬಿ ಬಂದು, ಖಾಲಿಯಾಗಿ, ಹಿತ್ತಲಿಗೆ ಬೀಳುವಂಥದ್ದು. ಗಂಡ ಬಲ್ಬು ಕೂಡಿಸಿ, ಶಾಖ ಮೂವತ್ತೇಳೂವರೆ ಡಿಗ್ರಿಗೆ ಏರಿದ ಕೂಡಲೇ ಬಲ್ಬು ಆರಿಸುವ ಒಂದು ಸ್ವಿಚ್ಚು ಜೋಡಿಸಿದ. ನಾನು ವಿಡಿಯೊ ನೋಡಿದೆ, ಹಳೆಯ ಪುಸ್ತಕ ತೆಗೆದೆ. ವಿಡಿಯೊ ಮಾಡಿದವರೆಲ್ಲ ಉಣ್ಣೆಯ ಅಂಗಿ ತೊಟ್ಟಿದ್ದರು. ಅದು ಆಗಲೇ ನನ್ನ ತಲೆಗೆ ಹೊಳೆಯಬೇಕಿತ್ತು. ಎಲ್ಲರೂ ಹೇಳಿಕೊಟ್ಟದ್ದು ಶಾಖ ಕೊಡುವುದನ್ನೇ. ನಾನು ಮುಂಜಾನೆ ಪರೀಕ್ಷೆ ಮಾಡಿದೆ, ಎಲ್ಲ ಸರಿಯಿತ್ತು. ಪಡಸಾಲೆಯ ಕಿಟಕಿಯ ಹತ್ತಿರ ಡಬ್ಬಿಯಿಟ್ಟು, ಇನ್ನು ವಿಜ್ಞಾನ ನೋಡಿಕೊಳ್ಳುತ್ತದೆ ಎಂಬ ಠೀವಿಯಲ್ಲಿ ಕೆಲಸಕ್ಕೆ ಹೋದೆ.

ವಿಜಯಪುರದ ಬೇಸಿಗೆ ನಿಮಗೆ ಗೊತ್ತಲ್ಲ. ಮಧ್ಯಾಹ್ನ ಬಲ್ಬು ಆರಿತ್ತು, ಸ್ವಿಚ್ಚು ತನ್ನ ಕೆಲಸ ಮಾಡಿತ್ತು. ಆದರೆ ಬಲ್ಬಿಗಿಂತ ನಮ್ಮ ಮನೆಯೇ ಕಾದಿತ್ತು. ಮೇಲಿನ ಸ್ಲ್ಯಾಬು ರೊಟ್ಟಿಯ ಹಂಚಾಗಿತ್ತು. ಸಂಜೆ ಬಂದು ನೋಡಿದರೆ ಮಾಪಕದ ಅಂಕಿ ಎಲ್ಲೋ ಏರಿ ಕೂತಿತ್ತು. ಬಿಸಿಲಿನ ಊರಿನಲ್ಲಿ ಹುಟ್ಟಿ, ಬಿಸಿಲಿನಲ್ಲಿ ಬೆಳೆದು, ಬಿಸಿಲನ್ನೊಂದು ಬಿಟ್ಟು ಉಳಿದೆಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದೆ. ಕೆಲವು ದಿನ ಬಿಟ್ಟು ತತ್ತಿಗಳಿಗೆ ಟಾರ್ಚು ಹಿಡಿದೆ. ಒಂದರಲ್ಲೂ ಜೀವದ ಗೆರೆಯಿಲ್ಲ. ಅವ್ವ ಒಂದನ್ನು ಒಡೆದು ಮೂಗಿಗೆ ಹಿಡಿದು, ಕಾವು ಕೊಟ್ಟಿಲ್ಲ, ಅರ್ಧ ಕುದಿಸಿದ್ದೀ ಎಂದಳು.

ಬಾಜೂ ಮನೆಯ ಗಂಗಕ್ಕನಿಗೆ ಇದರಿಂದ ಬಹಳ ಸಮಾಧಾನವಾಯಿತು. ಆಕೆ ಶುದ್ಧ ಸಸ್ಯಾಹಾರಿ. ತತ್ತಿ ಎಂಬ ಶಬ್ದವನ್ನೇ ಬಾಯಿಂದ ಆಡದೆ ಬಿಳಿ ಬಟಾಟಿ, ಅಂದರೆ ಬಿಳಿ ಆಲೂಗಡ್ಡೆ, ಎನ್ನುವವಳು. ನಿಮ್ಮ ಬಟಾಟಿ ಕೆಟ್ಟವಂತೆ ಹೌದೇನು ಎಂದು ಗೋಡೆಯಾಚೆಯಿಂದ ವಿಚಾರಿಸಿದಳು. ಅಪ್ಪನ ಫೋನೂ ಅದೇ ದಿನ ಬಂತು: ಎಮ್ಮೆ ಅವ್ವನನ್ನು ನೆನೆಸುತ್ತಿದೆಯಂತೆ. ಅವ್ವ ಗಂಟು ಕಟ್ಟಲು ನಿಂತಳು. ನಾನು ಇನ್ನೊಂದು ಸಲ ಎಂದು ಕೇಳಿಕೊಂಡೆ. ಕಣ್ಣಿನ ಡಾಕ್ಟರರ ಹೆಸರು ಹೇಳಿದೆ, ಪಾಲು ಒಪ್ಪಿಕೊಂಡು ಅರ್ಧಕ್ಕೆ ಬಿಡುವವರು ಯಾರೂ ಇಲ್ಲ ಎಂದೆ. ಕಡೆಯ ಮಾತು ಅವಳಿಗೆ ತಟ್ಟಿತು.

"ಇದೊಂದ ಸಲ," ಎಂದಳು. "ಇದೂ ಹ್ವಾದ್ರ ನಾ ಬರಿಗೈಲೆ ಹೋಗಾಕಿ. ಮತ್ತ ಕೋಳಿ ಸುದ್ದಿ ತಗೀಬ್ಯಾಡ."

ಎರಡನೆಯ ಸಲ, ಇನ್ನೊಂದು ಡಜನ್ ತತ್ತಿ ತರುವ ಮೊದಲು, ನಾನು ನಿಜವಾಗಿ ತಲೆ ಓಡಿಸಿದೆ. ನಮಗೆ ಬೇಕಾದದ್ದು ಶಾಖವಲ್ಲ, ತಂಪು. ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿನ ಜಾಗ ಅಡುಗೆಮನೆಯ ಕಟ್ಟೆಯ ಕೆಳಗೆ, ಕುಡಿಯುವ ನೀರಿನ ಗಡಿಗೆಯ ಮಗ್ಗುಲು. ಡಬ್ಬಿಯನ್ನು ಅಲ್ಲಿಗೆ ಸರಿಸಿ, ಸುತ್ತ ಒದ್ದೆ ಗೋಣಿಚೀಲ ಇಳಿಬಿಟ್ಟೆ. ನೀರು ಆರುತ್ತ ಶಾಖವನ್ನು ಎಳೆದುಕೊಳ್ಳುತ್ತದೆ, ನಮ್ಮ ಒಣಗಾಳಿಗೆ ಬೇಕಾದ ತೇವವೂ ಸಿಗುತ್ತದೆ. ಇದು ಪಿಯುಸಿಯಲ್ಲಿ ಓದಿದ್ದು. ಮಧ್ಯಾಹ್ನ ಮುಚ್ಚಳ ಎಷ್ಟು ಸರಿಸಬೇಕೆಂದು ಒಂದು ರವಿವಾರ ಇಡೀ ದಿನ ಕಟ್ಟೆಯ ಕೆಳಗೆ ಕೂತು, ಬರೀ ನೀರಿನ ಬಾಟಲಿಗಳನ್ನಿಟ್ಟು ಪರೀಕ್ಷೆ ಮಾಡಿ ಗೆರೆ ಹಾಕಿದೆ. ಮುಚ್ಚಳ ತೆಗೆಯದೆ ಮಾಪಕ ನೋಡಲು ಕಿಟಕಿ ಬೇಕಾಯಿತು. ಗಂಡ ಗಾಜು ಹುಡುಕಿ, ಸರಿಯಾದ ಅಳತೆಯದು ಮನೆಯಲ್ಲಿ ಒಂದೇ ಇದೆ ಎಂದು ಗೋಡೆಯ ಕಡೆ ನೋಡಿದ. ಹೌದು, ನನ್ನ ಪದವಿಯ ಫೋಟೊದ ಗಾಜು. ಅರ್ಧ ಗಳಿಗೆ ಹಿಂದೆ ಮುಂದೆ ನೋಡಿ, ತೆಗೆ ಎಂದೆ. ಈಗಲೂ ಆ ಫೋಟೊಗೆ ಗಾಜಿಲ್ಲ. ಅದಕ್ಕೇ ಗೌನಿನ ಮೇಲೆ ಅಷ್ಟು ಧೂಳು.

ಇನ್ನೊಂದು ತೊಡಕು ಉಳಿದಿತ್ತು. ತತ್ತಿಯನ್ನು ದಿನಕ್ಕೆ ಹಲವು ಸಲ ಹೊರಳಿಸಬೇಕು, ಇಲ್ಲದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಯಾವುದನ್ನು ಹೊರಳಿಸಿದೆ, ಯಾವುದನ್ನು ಬಿಟ್ಟೆ ಎಂದು ತಿಳಿಯಲು ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಅವ್ವನಿಗೆ ಕಟ್ಟೆಯ ಕೆಳಗಿನ ಕತ್ತಲಲ್ಲಿ, ಆ ಕನ್ನಡಕದಲ್ಲಿ, ಪೆನ್ಸಿಲು ಗೆರೆ ಎಲ್ಲಿ ಕಾಣಬೇಕು. ಕನ್ನಡಿಗೆ ಅಂಟಿಸಿಟ್ಟಿದ್ದ ನನ್ನ ಹಣೆಯ ಟಿಕಳಿಗಳನ್ನು ಕಿತ್ತು ಒಂದೊಂದು ತತ್ತಿಗೂ ಒಂದೊಂದು ಅಂಟಿಸಿದೆ. ಅವ್ವ ಬೆರಳಿನಿಂದ ತಡವಿ, ಟಿಕಳಿ ಮೇಲಿದ್ದರೆ ಕೆಳಗೆ, ಕೆಳಗಿದ್ದರೆ ಮೇಲೆ ಮಾಡುತ್ತಿದ್ದಳು. ಕೆಂಪು ಟಿಕಳಿಯ ಹನ್ನೆರಡು ತತ್ತಿಗಳು ಡಬ್ಬಿಯಲ್ಲಿ ಮದುವೆಗೆ ಬಂದ ಬೀಗತಿಯರ ಹಾಗೆ ಒತ್ತಾಗಿ ಕೂತಿದ್ದವು.

ಅವ್ವ ತನ್ನದೂ ಒಂದು ಉಪಾಯ ಸೇರಿಸಿದಳು. ಗುಡುಗಿಗೆ ಕಾವಿನ ತತ್ತಿ ಕೆಡುತ್ತವೆ, ಅದಕ್ಕೆ ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಲಿ ಇಡಬೇಕು ಎಂಬುದು ನಮ್ಮೂರ ರೂಢಿ. ಕಬ್ಬಿಣಕ್ಕೆ ಹಳೆಯ ಕೀಲಿಕೈ ಸಿಕ್ಕಿತು. ಗ್ಯಾಸಿನ ಮನೆಯಲ್ಲಿ ಇದ್ದಲಿ ಎಲ್ಲಿಂದ ಬರಬೇಕು? ಮೂಲೆಯ ಇಸ್ತ್ರಿ ಬಂಡಿಯವನಿಂದ ಒಂದು ತುಂಡು ತಂದು ತತ್ತಿಗಳ ಮೂಲೆಗೆ ಇಟ್ಟಳು. ಇದರ ಹಿಂದೆ ಯಾವ ವಿಜ್ಞಾನವಿದೆ ಎಂದು ನಾನು ಕೇಳಲಿಲ್ಲ. ಪಾಲುದಾರರೊಂದಿಗೆ ಎಲ್ಲದಕ್ಕೂ ಜಗಳ ತೆಗೆಯಬಾರದು.

ವಾರ ಕಳೆದ ಮೇಲೆ ನಾನು ಅಡುಗೆಮನೆಯ ಕಿಟಕಿ ಮುಚ್ಚಿ, ಮೊಬೈಲಿನ ಟಾರ್ಚಿನ ಮೇಲೆ ಒಂದು ತತ್ತಿ ನಿಲ್ಲಿಸಿದೆ. ತತ್ತಿ ಕೆಂಪಗೆ ಬೆಳಗಿತು. ಒಳಗೆ ಸಣ್ಣ ಕರಿಯ ಚುಕ್ಕೆ; ಅದರ ಸುತ್ತ ಎಳೆ ಎಳೆಯಾಗಿ ರಕ್ತನಾಳಗಳು, ನಾನು ಪೆನ್ಸಿಲಿನಲ್ಲಿ ಬರೆದು ಬರೆದು ಬೆರಳು ನೋಯಿಸಿಕೊಂಡಿದ್ದ ಅದೇ ಚಿತ್ರ. ಚುಕ್ಕೆ ಮಿಸುಕಿತು. ನನಗೆ ಕೂಗಬೇಕೆನಿಸಿತು, ಆದರೆ ಅವ್ವನ ತೋಳು ಹಿಡಿದು ಎಳೆದೆ. ಕನ್ನಡಕ ತೆಗೆದು ಬಾಗಿದಳು. ನೂರಾರು ಮರಿ ಮಾಡಿಸಿದವಳು. ಜೀವಂತ ತತ್ತಿಯ ಒಳಗನ್ನು ಎಂದೂ ನೋಡಿರಲಿಲ್ಲ. ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದಳು.

"ಇದು ನೀ ಆವಾಗ ಬರದಿದ್ದಿ," ಎಂದಳು.

"ಹೌದ ಬೇ."

"ನಾ ಅದು ಸುಳ್ಳ ಅನ್ಕೊಂಡಿದ್ದೆ. ಮಾಸ್ತರು ತಮಗ ತಿಳಿದಂಗ ಬರಸ್ತಾರ ಅಂತ." ಮತ್ತೊಂದು ತತ್ತಿಯನ್ನು ತಾನೇ ಎತ್ತಿ ಟಾರ್ಚಿನ ಮೇಲಿಟ್ಟಳು. "ಇದನ್ನೂ ತೋರ್ಸು."

ಎಲ್ಲವನ್ನೂ ನೋಡಿದೆವು. ಮೂರರಲ್ಲಿ ಏನೂ ಇರಲಿಲ್ಲ, ಅವನ್ನು ತೆಗೆದಿಟ್ಟೆವು. ಉಳಿದವುಗಳಲ್ಲಿ ಚುಕ್ಕೆಗಳು ಕುಣಿಯುತ್ತಿದ್ದವು. ಅವತ್ತಿನಿಂದ ಅವ್ವ ಎಮ್ಮೆಯ ಸುದ್ದಿ ಎತ್ತಲಿಲ್ಲ. ಅಪ್ಪ ಫೋನು ಮಾಡಿದರೆ, ಈಗ ಬರಲು ಆಗುವುದಿಲ್ಲ, ಕಾವಿಗೆ ಕೂತಿದ್ದೇನೆ ಎಂದು ಇಟ್ಟುಬಿಡುತ್ತಿದ್ದಳು.

ಮರಿ ಹೊರಬೀಳಲು ಇನ್ನು ಕೆಲವೇ ದಿನ ಎನ್ನುವಾಗ ಅಡ್ಡಮಳೆ ಬಂತು. ಸಂಜೆ ನಾನು ಲ್ಯಾಬಿನಿಂದ ನೆನೆದುಕೊಂಡು ಬರುವಷ್ಟರಲ್ಲಿ ಗಾಳಿಗೆ ಕಂಬ ಬಿದ್ದು ಕರೆಂಟು ಹೋಗಿತ್ತು. ಆಲಿಕಲ್ಲು ಬಿದ್ದು ಗಾಳಿ ತಣ್ಣಗಾಗಿತ್ತು. ಅಷ್ಟು ದಿನ ತಂಪು ತಂಪು ಎಂದು ಒದ್ದಾಡಿದ ನನಗೆ ಈಗ ಶಾಖವಿಲ್ಲ. ಅಡುಗೆಮನೆಗೆ ಓಡಿದರೆ ಡಬ್ಬಿ ಖಾಲಿ.

ಅವ್ವ ಪಡಸಾಲೆಯಲ್ಲಿ, ಬುದ್ಧನ ಚಿತ್ರದ ಕೆಳಗೆ, ಗೋಡೆಗೆ ಒರಗಿ ಕೂತಿದ್ದಳು. ತತ್ತಿಗಳೆಲ್ಲ ಅವಳ ಉಡಿಯಲ್ಲಿದ್ದವು. ಮೇಲೆ ಕಂಬಳಿ, ಎರಡೂ ಕಡೆ ಬಿಸಿನೀರಿನ ಬಾಟಲಿ. ಎದುರಿಗೆ ಟಾರ್ಚು ಹಿಡಿದುಕೊಂಡು ಕೂತಿದ್ದವಳು ಯಾರೆಂದುಕೊಂಡಿರಿ? ಗಂಗಕ್ಕ. ಬಾಟಲಿ ಆರಿದಾಗಲೆಲ್ಲ ತನ್ನ ಮನೆಯ ಒಲೆಯ ಮೇಲೆ ನೀರು ಕಾಸಿ ತಂದವಳೂ ಆಕೆಯೇ. ಬಟಾಟಿಗಳ ಗತಿ ಏನು ಎಂದು ನಾನು ಕೇಳಿದೆ. ಹಾಗೆಲ್ಲ ಅನ್ನಬೇಡ, ಒಳಗೆ ಜೀವ ಇದೆ, ಈಗ ತಾನೇ ಒಂದು ಒದೆಯಿತಂತೆ ಎಂದು ಆಕೆ ನನಗೇ ಗದರಿದಳು. ಅವ್ವ ಅಲ್ಲಾಡಲಿಲ್ಲ. ಉಣ್ಣಲು ಎಬ್ಬಿಸಿದರೂ ಏಳಲಿಲ್ಲ. ಕಾವಿಗೆ ಕೂತ ಹ್ಯಾಂಟಿಯನ್ನು ಯಾರಾದರೂ ಎಬ್ಬಿಸುತ್ತಾರೇನು ಎಂದು ನಮ್ಮನ್ನೇ ಕೇಳಿದಳು. ನಾನು ತುತ್ತು ಮಾಡಿ ಬಾಯಿಗಿಟ್ಟೆ. ಕರೆಂಟು ಬಂದಾಗ ಅವಳ ಕಾಲು ಜೋಮು ಹಿಡಿದು, ನಾನೂ ಗಂಗಕ್ಕನೂ ಸೇರಿ ಎತ್ತಬೇಕಾಯಿತು.

ರವಿವಾರ ಮುಂಜಾನೆ ಚಹಾ ಕುದಿಯುತ್ತಿರುವಾಗ ಕಟ್ಟೆಯ ಕೆಳಗಿನಿಂದ ಪಿಂಯ್ ಎಂದಿತು. ಒಂದು ತತ್ತಿಯಲ್ಲಿ ಟಿಕಳಿಯ ಪಕ್ಕದಲ್ಲೇ ಬಿರುಕು, ಬಿರುಕಿನಲ್ಲಿ ಒಂದು ಕೊಕ್ಕಿನ ತುದಿ. ನಾನು, ಗಂಡ, ಗಂಗಕ್ಕ ಮೂವರೂ ನೆಲಕ್ಕೆ ಮಂಡಿಯೂರಿ ಬಾಗಿ ನನ್ನ ಪದವಿಯ ಗಾಜಿನಲ್ಲಿ ನೋಡುತ್ತಿದ್ದೆವು. ಅದರಲ್ಲಿ ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು. ನಾನು ಚಿಪ್ಪು ಸುಲಿಯಲು ಕೈ ಹಾಕಹೋದರೆ ಅವ್ವ ಕೈ ಹಿಡಿದಳು. ಹೊತ್ತೇರುವಷ್ಟರಲ್ಲಿ ಒಂದು ಒದ್ದೆಮುದ್ದೆಯ ಕೆಂಗಂದು ಮರಿ ಹೊರಗೆ ಬಿದ್ದು, ಎದ್ದು, ಮತ್ತೆ ಬಿದ್ದು, ಕೀಲಿಕೈಯ ಮೇಲೆ ತಲೆಯಿಟ್ಟು ಮಲಗಿತು. ಅದರ ತಲೆಗೆ ಟಿಕಳಿಯೊಂದು ಅಂಟಿಕೊಂಡಿತ್ತು. ಸಂಜೆಯೊಳಗೆ ಎಂಟು ಹೊರಬಂದವು. ಒಂಬತ್ತನೆಯದು ಬರಲಿಲ್ಲ, ಅವ್ವ ಅದನ್ನು ಒಯ್ದು ಕರಿಬೇವಿನ ಬುಡದಲ್ಲಿ ಹೂತು ಬಂದಳು.

ಅಂಗಡಿಯ ತತ್ತಿ, ಬಸ್ಸಿನಲ್ಲಿ ಕುಲುಕಾಡಿ ಬಂದ ತತ್ತಿ, ಕೋಳಿಯಿಲ್ಲದೆ ಮರಿ! ನಾನು ಮಾಳಿಗೆಯ ಮೇಲೆ ಹೋಗಿ ಅಪ್ಪನಿಗೆ ಫೋನು ಹಚ್ಚಿ ಒದರಿದೆ. ಅರ್ಧ ಕಟ್ಟಿದ ಮನೆಗಳಿಂದ ಗೌಂಡಿಗಳು ತಲೆಯೆತ್ತಿ ನೋಡಿದರು. ಅಪ್ಪ, ನೀನು ಬಿ.ಎಸ್ಸಿ. ಪಾಸಾದಾಗಲೂ ಇಷ್ಟು ಒದರಿರಲಿಲ್ಲ ಎಂದ. ಅಂಗಡಿಯವನಿಗೆ ಫೋಟೊ ತೋರಿಸಿದೆ. ಅವನು ಮರುದಿನದಿಂದ ಕಂದು ತತ್ತಿಗೆ ಮರಿಯ ಗ್ಯಾರಂಟಿಯನ್ನೂ ಬಾಯಿಮಾತಿನಲ್ಲಿ ಸೇರಿಸಿದನಂತೆ. ಗಂಗಕ್ಕ ಜೋಳದ ನುಚ್ಚು ಒಡೆಸಿ ಡಬ್ಬಿ ತುಂಬ ತಂದಳು. ಅವ್ವ ಮಾತ್ರ ಹೊಗಳಲಿಲ್ಲ. ಮರಿಗಳನ್ನು ಬೊಗಸೆಯಲ್ಲಿ ಎತ್ತಿ ಒಂದೊಂದರ ಕಾಲೂ ತಿರುವಿ ನೋಡಿ, "ಬಸ್ಸಿನ್ಯಾಗ ಜೋತಾಡಿದ್ದು ಬರೋಬ್ಬರಿ ಆತು ಬಿಡು," ಎಂದಳು. ಅಷ್ಟೇ. ಆ ಮಾತನ್ನು ಚೌಕಟ್ಟು ಕಟ್ಟಿಸಿ ಗೋಡೆಗೆ ಹಾಕಲು ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಮರಿಗಳಿಗೆ ರೆಕ್ಕೆ ಬಲಿಯುವವರೆಗೆ ಅವ್ವ ಇದ್ದಳು. ಮಾಳಿಗೆಯಲ್ಲಿ ಬುಟ್ಟಿ ಬೋರಲು ಹಾಕಿ, ಹದ್ದಿಗೆ ಕಲ್ಲು ಬೀಸಿ, ಗೌಂಡಿಗಳಿಂದ ಗೆದ್ದಲು ತರಿಸಿ ತಿನ್ನಿಸಿ ಸಾಕಿದಳು. ಮೊದಲು ಹುಟ್ಟಿದ ಕೆಂಗಂದು ಮರಿ ಎಲ್ಲಕ್ಕಿಂತ ಮುಂದೆ ಬಂತು. ಅದು ಹ್ಯಾಂಟಿಯೇ ಎಂದು ನನಗೂ ತಿಳಿಯುತ್ತಿತ್ತು. ಗಟ್ಟಿ ಕಾಲು, ಹೊಳೆಯುವ ಬೆನ್ನು, ಉಳಿದವುಗಳ ಬಾಯಿಂದ ಕಾಳು ಕಸಿಯುವ ಧೈರ್ಯ. ಡಾಕ್ಟರು ಕಣ್ಣು ನೋಡಿ, ಇನ್ನು ಕರಿ ಕನ್ನಡಕ ಬೇಕಿಲ್ಲ, ಊರಿಗೆ ಹೋಗಬಹುದು ಎಂದರು. ಅವ್ವ ಪಾಲಿನ ದಿನ ಗೊತ್ತು ಮಾಡಿದಳು. ಎಲ್ಲವನ್ನೂ ನೀನೇ ಒಯ್ಯಿ ಎಂದೆ. ಪಾಲೆಂದರೆ ಪಾಲು, ಬೇಕಾದರೆ ಹಚ್ಚು, ಇಲ್ಲದಿದ್ದರೆ ಬಿಡು ಎಂದಳು.

ಮುಂಜಾನೆ ಮಾಳಿಗೆಗೆ ಹೋದರೆ ಅವ್ವ ಎಲ್ಲ ಮರಿಗಳನ್ನೂ ಬುಟ್ಟಿಯ ಮುಂದೆ ಬಿಟ್ಟುಕೊಂಡು ಕೂತಿದ್ದಳು. ಡಾಕ್ಟರು ಬೇಡವೆಂದಿದ್ದ ಕರಿ ಕನ್ನಡಕ ಮತ್ತೆ ಕಣ್ಣಿನ ಮೇಲಿತ್ತು.

"ಮಾಲಕರು ಮೊದ್ಲ ಆರಿಸ್ರಿ," ಎಂದಳು. ನನಗೆ ಹಾಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ನಾನು ಸಾವಕಾರ್ತಿಯ ಹಾಗೆ ಕುಕ್ಕರುಗಾಲಲ್ಲಿ ಕೂತೆ. ಏಳು ಮರಿಗಳು ಬಿಸಿಲಿಗೆ ಮಿಂಚುತ್ತಿದ್ದವು. ಬುಟ್ಟಿಯ ಮರೆಗೆ ಎಂಟನೆಯದೊಂದು ನಿಂತಿತ್ತು: ಬೂದಿ ಬಣ್ಣದ್ದು, ಬೆನ್ನೆಲ್ಲ ಮಂಕು, ರೋಗ ಬಂದು ಕಪ್ಪಿಟ್ಟಂಥ ಕತ್ತು. ಇದ್ಯಾವುದು ಎಂದು ನೋಡಿದೆ. ಕೆಂಗಂದು ಮರಿ ಉಳಿದ ಏಳರಲ್ಲಿ ಇರಲಿಲ್ಲ.

"ಅದಕ್ಕ ಯಾಕೋ ಮೈ ಸರಿ ಇಲ್ಲ ನೋಡ್ರಿ," ಎಂದಳು ಅವ್ವ, ಆಕಾಶದ ಕಡೆ ಮುಖ ಮಾಡಿ. "ಕಾಳ ಮುಟ್ಟವಲ್ದು."

ಮರಿಯ ಗಂಟಲ ಚೀಲ ಕಾಳು ತುಂಬಿ ನಿಂಬೆಹಣ್ಣಿನಂತೆ ಉಬ್ಬಿತ್ತು. ಅವ್ವನ ಬಲಗೈ ಹೆಬ್ಬೆರಳು, ತೋರುಬೆರಳು ಕಪ್ಪಗಿದ್ದವು. ಡಬ್ಬಿಯಲ್ಲಿ ಗುಡುಗಿಗೆಂದು ಇಟ್ಟಿದ್ದ ಇದ್ದಲಿ ನೆನಪಾಯಿತು. ಗಂಟಲಲ್ಲಿ ನಗು ಎದ್ದು ಬಂತು. ನಾಲಿಗೆ ಕಚ್ಚಿ ತಡೆದೆ. ತಲೆ ಬಗ್ಗಿಸಿ, ಬಹಳ ಯೋಚನೆಯಲ್ಲಿರುವವಳಂತೆ ಒಂದೊಂದನ್ನೇ ಎತ್ತಿ, ಕಾಲು ತಿರುವಿ, ಎದೆಯೆಲುಬು ಮುಟ್ಟಿದೆ. ಮಸಿಯದ್ದನ್ನೂ ಎತ್ತಿದೆ. ಅವ್ವನ ಉಸಿರು ನಿಂತದ್ದು ನನಗೆ ಕೇಳಿಸಿತು. ಇದು ಬದುಕುವಂತೆ ಕಾಣುವುದಿಲ್ಲ ಬೇ ಎಂದು ಅವಳ ಕಡೆಗೆ ಸರಿಸಿ, ನಾಲ್ಕು ಬೇರೆಯವನ್ನು ಆರಿಸಿಕೊಂಡೆ. ಅದರಲ್ಲಿ ಮೂರು ಹುಂಜ ಎಂದು ಆಗಲೇ ನನಗೆ ಗುಮಾನಿ ಇತ್ತು.

ಅಥಣಿ ರಸ್ತೆಯ ಸ್ಟಾಪಿನಲ್ಲಿ ಟಿಕೋಟಾದ ಬಸ್ಸು ಹತ್ತಿಸಿದೆ. ಹೊಸ ಸೀರೆ ಈ ಸಲವೂ ದಿಂಬಿನ ಕೆಳಗೇ ಉಳಿದಿತ್ತು. ಆದರೆ ಉಡಿಯಲ್ಲಿ ಬುಟ್ಟಿ ಇತ್ತು. ಕೋಳಿಗೂ ಟಿಕೆಟ್ಟು ಎಂದು ಕಂಡಕ್ಟರು ಚಾಷ್ಟಿ ಮಾಡಿದ. ಇವು ನನ್ನ ಪಾಲಿನವು, ಬೇಕಾದರೆ ಅವಕ್ಕೂ ಸೀಟು ಕೊಡು ಎಂದಳು ಅವ್ವ, ಬಸ್ಸಿನವರೆಲ್ಲ ಕೇಳುವಂತೆ. ಬಸ್ಸು ಅಲುಗಿತು. ಕಿಟಕಿಯಲ್ಲಿ ಅವಳು ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಬುಟ್ಟಿಯೊಳಗೆ ಕೈ ಹಾಕಿದ್ದು ಕಂಡಿತು. ನಾನು ನೋಡುತ್ತಿದ್ದೇನೆಂದು ತಿಳಿದು ಕೈ ಹಿಂದಕ್ಕೆ ತೆಗೆದಳು.

ಸಂಜೆ ಅಪ್ಪನ ಫೋನು ಬಂತು. ಊರು ಮುಟ್ಟಿದವಳು ಎಮ್ಮೆಯನ್ನೂ ನೋಡಲಿಲ್ಲವಂತೆ. ಬುಟ್ಟಿ ಹಿಡಿದು ಓಣಿಯ ಮನೆ ಮನೆಗೂ ಹೋಗಿ ತೋರಿಸಿ ಬಂದಳಂತೆ, ಸಾವಕಾರ್ತಿಯ ಮನೆಗೆ ಎರಡು ಸಲ. ಹಿಂದಿನಿಂದ ಅವ್ವನ ದನಿ ಜೋರಾಗಿ ಕೇಳುತ್ತಿತ್ತು; ಯಾರಿಗೋ ಅಂಗಳದಲ್ಲಿ ನಿಂತು ಹೇಳುತ್ತಿದ್ದಳು.

"ಬಂಗಾರದಂಥಾದ್ದು ನಾ ತಂದೀನಿ, ಮಾಲಕರಿಗಿ ಗೊತ್ತ ಆಗಿಲ್ಲ. ಬಿ.ಎಸ್ಸಿ. ಕಲ್ತಾಳ, ಯಪ್ಪಾ. ತತ್ತಿ ಒಳಗಿಂದ ಎಲ್ಲಾ ತಿಳಿತೈತಿ ಆಕಿಗಿ. ಹೊರಗ ಬಂದಿದ್ದ ಕೋಳಿ ಒಂದು ಆರಿಸಾಕ ಬರೂದಿಲ್ಲ."

ಅಪ್ಪ ನಗುತ್ತ, ಹೌದೇನು ರೇಣಿ, ನಿನಗೆ ತಿಳಿಯಲೇ ಇಲ್ಲವೇ ಎಂದು ಕೇಳಿದ. ಎದುರಿಗೆ ಗಾಜಿಲ್ಲದ ಫೋಟೊದಲ್ಲಿ ಕರಿ ಗೌನಿನ ಹುಡುಗಿ ಖಾಲಿ ಹಾಳೆಯ ಸುರುಳಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಕಾಲಬಳಿ ನನ್ನ ಪಾಲಿನ ಹುಂಜವೊಂದು ಕೂಗಲು ಬಾರದ ಗಂಟಲಿನಿಂದ ಕೂಗಲು ನೋಡುತ್ತಿತ್ತು.

ಇಲ್ಲ ಅಪ್ಪಾ, ಒಂಚೂರೂ ತಿಳಿಯಲಿಲ್ಲ ಎಂದೆ.